ಮರಳೂ ಮರುಳೂ

ಕಳೆದ ವರ್ಷ ಯುಗಾದಿಯ ದಿನ ಹೋಳಿಗೆಗೆ ಬೇಯಿಸಿದ ಬೇಳೆಯ ಕಟ್ಟು ಬಸಿಯುವಾಗ ಪಾತ್ರೆ ಜಾರಿ ನನ್ನಕ್ಕನ ಎಡಗೈ ಮೇಲೆ ಚೆಲ್ಲಿತು. ಗಾಯ ಮಾಯಿತು. ಕಲೆ ಮಾತ್ರ ಕೆಂಪಗೆ ಉಬ್ಬಿ ಗಟ್ಟಿಯಾಗಿ ನಿಂತಿತು. ಚರ್ಮದ ಡಾಕ್ಟರು ಒಂದು ಸಿಲಿಕೋನ್ ಜೆಲ್ ಬರೆದುಕೊಟ್ಟು, ದಿನಕ್ಕೆರಡು ಸಲ ತೆಳ್ಳಗೆ ಸವರಿ, ಮೂರು ತಿಂಗಳು ತಪ್ಪಿಸಬೇಡಿ ಎಂದಿದ್ದರು. ಮೂರನೇ ವಾರಕ್ಕೆ ಅಕ್ಕನ ಫೋನು ಬಂತು. "ಅದನ್ನ ಎಸೆದ್ಬಿಟ್ಟೆ ಕಣೇ. ಪ್ಲಾಸ್ಟಿಕ್ ಅಂತೆ ಅದು. ಚರ್ಮಕ್ಕೆ ಉಸಿರಾಡಕ್ಕೇ ಬಿಡಲ್ವಂತೆ."

ಯಾರು ಹೇಳಿದ್ದು ಎಂದು ಕೇಳಿದೆ. ಮನೆಯವರ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದು ಬರಹ ಬಂದಿತ್ತು. ತೆಗೆದು ನೋಡಿದರೆ ಅದು ಯಾವುದೋ ಔಷಧಿ ಮಾರುವವನ ಜಾಹೀರಾತಲ್ಲ, ಒಂದು ಲಲಿತ ಪ್ರಬಂಧ. ಅಜ್ಜಿಯ ಅರಿಶಿನ, ಹಿತ್ತಲ ನಿಂಬೆಗಿಡ, ಕಡಲೆಹಿಟ್ಟಿನ ಸ್ನಾನ, ಕೊನೆಗೆ ಇಂದಿನ ಹುಡುಗಿಯರ ಮುಖಕ್ಕೆ ಬಳಿದಿರುವ 'ರಾಸಾಯನಿಕ ಪ್ಲಾಸ್ಟಿಕ್'. ಬರೆದವರ ಗದ್ಯ ಚೆನ್ನಾಗಿತ್ತು. ನನಗೆ ಸಿಟ್ಟು ಬಂದದ್ದೇ ಅದಕ್ಕೆ. ಕೆಟ್ಟ ಗದ್ಯದಲ್ಲಿ ಬಂದಿದ್ದರೆ ಅಕ್ಕ ನಂಬುತ್ತಿರಲಿಲ್ಲ.

ಅವಳು ಜೆಲ್ ಎಸೆದು, ಕಲೆಯ ಮೇಲೆ ನಿಂಬೆರಸದಲ್ಲಿ ಕಲಸಿದ ಕಸ್ತೂರಿ ಅರಿಶಿನ ಹಚ್ಚಿಕೊಂಡು, ಮಹಡಿಯ ಮೇಲೆ ಬಿಸಿಲಲ್ಲಿ ಸಂಡಿಗೆ ಇಡುತ್ತಾ ಕೂತಳು. ಎರಡು ದಿನಕ್ಕೆ ಆ ಜಾಗ ಉರಿದು ಬೊಬ್ಬೆ ಬಂತು, ಆಮೇಲೆ ಕಪ್ಪಾಯಿತು. ಇದೇನೂ ವಿಚಿತ್ರವಲ್ಲ. ನಿಂಬೆಯಲ್ಲಿ ಫ್ಯುರನೋಕೂಮರಿನ್ ಎಂಬ ಪದಾರ್ಥಗಳಿವೆ. ಅವು ಚರ್ಮದ ಮೇಲಿರುವಾಗ ಬಿಸಿಲಿನ ನೇರಳಾತೀತ ಕಿರಣ ಬಿದ್ದರೆ ಚರ್ಮ ಸುಟ್ಟಂತಾಗುತ್ತದೆ, ಕಪ್ಪು ತಿಂಗಳುಗಟ್ಟಲೆ ಉಳಿಯುತ್ತದೆ. ಚರ್ಮವೈದ್ಯರ ಪಠ್ಯದಲ್ಲಿ ಇದಕ್ಕೆ ಹೆಸರೇ ಇದೆ. ಹಿತ್ತಲ ನಿಂಬೆಗೂ ರಸಾಯನಶಾಸ್ತ್ರ ಗೊತ್ತು. ಪ್ರಬಂಧಕಾರರಿಗೆ ಗೊತ್ತಿರಲಿಲ್ಲ ಅಷ್ಟೆ.

ನನ್ನ ಸಂಶೋಧನೆ ಜೆಲ್‌ಗಳ ಮೇಲೆ. ಸಿಲಿಕೋನ್ ಕಂಪನಿಗಳ ದುಡ್ಡು ನನ್ನ ಲ್ಯಾಬಿಗೆ ಬರುವುದಿಲ್ಲ, ಬರುತ್ತಿರುವುದು ತಡವಾಗಿ ಬರುವ ಫೆಲೋಶಿಪ್ ಮಾತ್ರ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನಾನು ಒಂದು ಬೈಸಿಕೊಂಡ ವಸ್ತುವಿನ ಪರ ವಾದಿಸಲಿದ್ದೇನೆ, ಆಮೇಲೆ ಅದನ್ನು ಮಾರುವವರನ್ನೂ ಬೈಯಲಿದ್ದೇನೆ.

ಪ್ರೈಮರ್, ಫೌಂಡೇಶನ್, 'ರೇಷ್ಮೆಯಂಥ' ಸನ್‌ಸ್ಕ್ರೀನ್, ವಯಸ್ಸು ಮರೆಸುವ ಕ್ರೀಮು ಇಂಥವುಗಳ ಡಬ್ಬಿ ತಿರುಗಿಸಿ ಹಿಂದೆ ಓದಿದರೆ ಡೈಮೆಥಿಕೋನ್ ಕ್ರಾಸ್‌ಪಾಲಿಮರ್ ಎಂಬ ಹೆಸರು ಹಲವು ಸಲ ಸಿಗುತ್ತದೆ. ಬೈಗುಳವೆಲ್ಲ ಇದರ ಮೇಲೆ. ಏನಿದು? ಸಿಲಿಕೋನ್ ಎಣ್ಣೆ ಎಂದರೆ ಸಿಲಿಕಾನ್, ಆಮ್ಲಜನಕ, ಸಿಲಿಕಾನ್, ಆಮ್ಲಜನಕ ಎಂದು ಉದ್ದಕ್ಕೆ ಹೆಣೆದ ಎಳೆಗಳು, ಪ್ರತಿ ಸಿಲಿಕಾನ್‌ಗೂ ಎರಡು ಮೀಥೈಲ್ ಗುಂಪುಗಳ ಅಂಗಿ. ಎಳೆಗಳು ಬಿಡಿಬಿಡಿಯಾಗಿದ್ದಾಗ ಎಣ್ಣೆ ಹಾಕಿದ ಶಾವಿಗೆಯಂತೆ ಒಂದರ ಮೇಲೊಂದು ಜಾರುತ್ತವೆ. ಈಗ ಅಲ್ಲಲ್ಲಿ ಎರಡು ಎಳೆಗಳಿಗೆ ಗಂಟು ಹಾಕಿ. ಒಂದು ಎಳೆಯಲ್ಲಿ ಸಿಲಿಕಾನ್–ಹೈಡ್ರೋಜನ್ ಬಂಧ, ಇನ್ನೊಂದರಲ್ಲಿ ವಿನೈಲ್ ಗುಂಪು, ನಡುವೆ ದಲ್ಲಾಳಿಯಾಗಿ ಚೂರೇ ಚೂರು ಪ್ಲಾಟಿನಂ. ಗಂಟು ಬಿದ್ದ ಮೇಲೆ ಅದು ಎಣ್ಣೆಯಲ್ಲ, ಜಾಲ.

ಜಾಲಕ್ಕೂ ಎಳೆಗೂ ಇರುವ ವ್ಯತ್ಯಾಸ ನಮ್ಮ ಅಡುಗೆಮನೆಗೆ ಹೊಸದಲ್ಲ. ಪಾನಕಕ್ಕೆ ಬೆಲ್ಲ ಹಾಕಿದರೆ ಕರಗುತ್ತದೆ. ಕಾಮಕಸ್ತೂರಿ ಬೀಜ ಹಾಕಿದರೆ ಕರಗುವುದಿಲ್ಲ, ನೀರು ಕುಡಿದು ಉಬ್ಬಿ, ತನ್ನ ಸುತ್ತ ಒಂದು ಲೋಳೆಯ ಗೋಲ ಕಟ್ಟಿಕೊಂಡು ಕೂರುತ್ತದೆ. ಸಿಲಿಕೋನ್ ಇಲಾಸ್ಟೋಮರ್ ಕೂಡ ಹಾಗೆಯೇ. ಕುಡಿಯುವುದು ನೀರನ್ನಲ್ಲ, ತೆಳುವಾದ ಸಿಲಿಕೋನ್ ದ್ರವವನ್ನು, ಅಷ್ಟೇ. ಕಾರ್ಖಾನೆಯಲ್ಲಿ ಆ ದ್ರವದೊಳಗೇ ಗಂಟು ಹಾಕಿಸಿ, ಗಿಣ್ಣಿನ ಹಾಗೆ ಹೆಪ್ಪುಗಟ್ಟಿದ್ದನ್ನು ಯಂತ್ರದಲ್ಲಿ ಅರೆದು ಬೆಣ್ಣೆಯಂಥ ಮುದ್ದೆ ಮಾಡುತ್ತಾರೆ. ಅದರಲ್ಲಿ ಜಾಲದ ಪಾಲು ಸಾಮಾನ್ಯವಾಗಿ ನೂರಕ್ಕೆ ಹತ್ತು ಹದಿನೈದು ಮಾತ್ರ. ಉಳಿದದ್ದೆಲ್ಲ ಜಾಲ ಕುಡಿದು ಕೂತಿರುವ ದ್ರವ. ಈ ಲೆಕ್ಕ ನೆನಪಿಟ್ಟುಕೊಳ್ಳಿ, ಜಗಳವೆಲ್ಲ ಮುಂದೆ ಇದರ ಮೇಲೇ ನಿಲ್ಲುತ್ತದೆ.

ಹಚ್ಚಿದಾಗ ಆಗುವುದೇನು? ಸಿಲಿಕಾನ್–ಆಮ್ಲಜನಕದ ಬಂಧ ಅತಿ ಸಲೀಸಾಗಿ ಬಾಗುತ್ತದೆ, ತಿರುಗುತ್ತದೆ. ಮೈನಸ್ 120 ಡಿಗ್ರಿ ಸೆಲ್ಸಿಯಸ್‌ನಲ್ಲೂ ಈ ಎಳೆಗಳು ಗಾಜಿನಂತೆ ಬಿರುಸಾಗುವುದಿಲ್ಲ. ಉಬ್ಬಿದ ಸಣ್ಣ ಸಣ್ಣ ಕಣಗಳು ಬೆರಳಿನಡಿ ಒತ್ತಿದರೆ ಚಪ್ಪಟೆಯಾಗಿ, ಬಿಟ್ಟರೆ ಮೊದಲಿನಂತಾಗಿ ಉರುಳುತ್ತವೆ. ದ್ರವ ನಿಧಾನವಾಗಿ ಆವಿಯಾಗುತ್ತದೆ, ಆದರೆ ನೀರು ಆರುವಾಗ ಆಗುವಂತೆ ಚರ್ಮ ತಣ್ಣಗಾಗುವುದಿಲ್ಲ. ಹಿಂದೆ ಉಳಿಯುವುದು ಜಿಡ್ಡೂ ಅಲ್ಲದ, ಪುಡಿಯೂ ಅಲ್ಲದ ಒಂದು ಒಣ ನುಣುಪು. ಇದಕ್ಕೆ ಕನ್ನಡದಲ್ಲಿ ಯಾವ ಪದ ಹೊಂದುತ್ತದೆಂದು ತುಂಬ ಯೋಚಿಸಿದ್ದೇನೆ. ನಯ, ನುಣುಪು, ಮೆದು, ಜಾರು, ಲೋಳೆ, ಜಿಗುಟು... ಕೊನೆಗೆ ಹೊಳೆದದ್ದು ರಾಗಿ ಬೀಸಿದಾಗ ಬೀಸುಕಲ್ಲಿನ ಅಂಚಿನಲ್ಲಿ ಕೂರುವ ಅತಿ ಸಣ್ಣ ಹಿಟ್ಟನ್ನು ಮುಟ್ಟಿದ ನೆನಪು.

ಎಮಲ್ಷನ್ ಎಂಬ ಮಾತಿಗೂ ನಾವು ಹೆದರಬೇಕಾಗಿಲ್ಲ. ಹಾಲು ನೀರಿನಲ್ಲಿ ತೇಲುವ ಕೊಬ್ಬಿನ ಹನಿಗಳು. ಬೆಣ್ಣೆ ಕೊಬ್ಬಿನೊಳಗೆ ಸಿಕ್ಕಿಕೊಂಡ ನೀರಿನ ಹನಿಗಳು. ಎರಡೂ ಎಮಲ್ಷನ್ನೇ. ಫೌಂಡೇಶನ್‌ಗಳಲ್ಲಿ ಅನೇಕವು ಬೆಣ್ಣೆಯ ಜಾತಿಯವು, ಹೊರಗೆ ಸಿಲಿಕೋನ್, ಒಳಗೆ ನೀರು. ಹನಿಗಳು ಒಂದಾಗಿ ನೀರು ಒಡೆದು ಬರದಂತೆ ನೋಡಿಕೊಳ್ಳುವ ಕೆಲಸವನ್ನು ನೀರಿಗೂ ಒಲಿಯುವ ತುಣುಕುಗಳನ್ನು ಕಸಿಮಾಡಿದ ಜಾಲಗಳು ತಾವೇ ಮಾಡುತ್ತವೆ.

ಈಗ ಆ 'ಉಸಿರು'. ಚರ್ಮ ಶ್ವಾಸಕೋಶವಲ್ಲ. ಅದರ ಅತಿ ಮೇಲಿನ ಪದರಗಳು ಗಾಳಿಯಿಂದ ಒಂದಿಷ್ಟು ಆಮ್ಲಜನಕ ಪಡೆಯುವುದು ನಿಜ. ಹಾಗಾದರೆ ಸಿಲಿಕೋನ್ ಅದನ್ನು ತಡೆಯುತ್ತದೆಯೇ? ಗೊತ್ತಿರುವ ರಬ್ಬರುಗಳಲ್ಲೆಲ್ಲ ಆಮ್ಲಜನಕವನ್ನು ಅತ್ಯಂತ ಸುಲಭವಾಗಿ ಹಾಯಲು ಬಿಡುವುದು ಸಿಲಿಕೋನ್. ಮರದಿಂದ ಬರುವ ಸ್ವಾಭಾವಿಕ ರಬ್ಬರಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು. ಕಣ್ಣಿನ ಕಾರ್ನಿಯಾಕ್ಕೆ ರಕ್ತನಾಳಗಳಿಲ್ಲ, ಅದು ಗಾಳಿಯನ್ನೇ ನೆಚ್ಚಿಕೊಂಡಿದೆ. ಅದಕ್ಕೇ ಇವತ್ತಿನ ಕಾಂಟ್ಯಾಕ್ಟ್ ಲೆನ್ಸುಗಳನ್ನು ಸಿಲಿಕೋನ್ ಬೆರೆಸಿದ ಜೆಲ್‌ನಿಂದ ಮಾಡುತ್ತಾರೆ. 'ಉಸಿರುಗಟ್ಟಿಸುವ ಪ್ಲಾಸ್ಟಿಕ್' ಎಂದು ಬರೆದವರು ಕನ್ನಡಕದ ಬದಲು ಲೆನ್ಸ್ ಹಾಕಿಕೊಂಡಿದ್ದರೆ, ಆ ವಾಕ್ಯವನ್ನು ಸಿಲಿಕೋನ್ ಮೂಲಕ ಉಸಿರಾಡುತ್ತಿದ್ದ ಕಣ್ಣುಗಳಿಂದಲೇ ತಿದ್ದಿರಬೇಕು. ಚರ್ಮದಿಂದ ನೀರು ಆರಿಹೋಗದಂತೆ ಮುಚ್ಚುವುದರಲ್ಲಿ ಗಟ್ಟಿಗ ವ್ಯಾಸಲೀನು. ಅದನ್ನು ಒಡೆದ ಹಿಮ್ಮಡಿಗೆ ನಮ್ಮ ಅಜ್ಜಿಯಂದಿರೂ ಹಚ್ಚಿಕೊಂಡರು, ಯಾವ ಪ್ರಬಂಧವೂ ಅದರ ಮೇಲೆ ಮುನಿದದ್ದನ್ನು ನಾನು ಓದಿಲ್ಲ.

ಜಾಲ ಚರ್ಮದೊಳಗೆ ಇಳಿಯುತ್ತದೆ ಎಂಬುದು ಇನ್ನೊಂದು ಹೆದರಿಕೆ. ಯಾವುದರಲ್ಲೂ ಕರಗದ, ಅಣುವಿನ ಲೆಕ್ಕದಲ್ಲಿ ಬೆಟ್ಟದಷ್ಟು ದೊಡ್ಡದಾದ ವಸ್ತು ಅದು. ಆರೋಗ್ಯವಂತ ಚರ್ಮವನ್ನು ದಾಟಲು ಅದಕ್ಕೆ ದಾರಿಯಿಲ್ಲ. ಅಮೆರಿಕದ ಕಾಸ್ಮೆಟಿಕ್ ಇಂಗ್ರೀಡಿಯೆಂಟ್ ರಿವ್ಯೂ ತಜ್ಞರ ಸಮಿತಿ ಈ ಗುಂಪಿನ ವಸ್ತುಗಳನ್ನು ಈಗಿನ ಬಳಕೆಯ ಪ್ರಮಾಣದಲ್ಲಿ ಸುರಕ್ಷಿತ ಎಂದಿದೆ. ಆ ಸಮಿತಿಯ ಖರ್ಚು ನೋಡಿಕೊಳ್ಳುವುದು ಉದ್ಯಮದ ಸಂಘವೇ ಎಂಬುದನ್ನೂ ಜೊತೆಗೆ ಹೇಳಬೇಕು. ಹಾಗಿದ್ದರೂ ಇಲ್ಲಿ ಅದರ ತೀರ್ಮಾನ ರಸಾಯನಶಾಸ್ತ್ರದ ಸಾಮಾನ್ಯ ತಿಳಿವಳಿಕೆಗೆ ವಿರುದ್ಧವಾಗಿಲ್ಲ. ಕಲೆಗಳ ವಿಷಯಕ್ಕೆ ಬಂದರೆ, 1980ರ ದಶಕದ ಆರಂಭದಿಂದಲೂ ಸುಟ್ಟ ಗಾಯದ ಉಬ್ಬುಕಲೆಗಳಿಗೆ ಇದೇ ಕುಟುಂಬದ ಸಿಲಿಕೋನ್ ಹಾಳೆಗಳನ್ನು ಬಳಸುತ್ತಾ ಬಂದಿದ್ದಾರೆ. ಅದರ ಪುರಾವೆ ಬಹಳ ಗಟ್ಟಿಯಾದದ್ದಲ್ಲ, ಪವಾಡವಂತೂ ಅಲ್ಲ. ಆದರೆ ಸುಡುವುದಿಲ್ಲ, ಬೊಬ್ಬೆ ಬರಿಸುವುದಿಲ್ಲ. ನಿಂಬೆರಸದ ಬಗ್ಗೆ ಅಷ್ಟು ಹೇಳಲಾಗದು.

ಇಷ್ಟರಲ್ಲಿ ನಾನು ಕಂಪನಿಗಳ ವಕೀಲೆ ಎನಿಸಿದ್ದರೆ ತುಸು ತಾಳಿ. ಅವರ ಸುಳ್ಳು ನಮ್ಮ ಪ್ರಬಂಧಕಾರರ ಸುಳ್ಳಿನ ಅವಳಿ. 'ನಿಸರ್ಗ'ದ ಹೆಸರು ಹೇಳಿ ಇವರು ಸಿಲಿಕೋನನ್ನು ಬೈದರೆ, ಅದೇ ಹೆಸರು ಹೇಳಿ ಅವರು ಮಾರುತ್ತಾರೆ. 'ಮರಳಿನಿಂದ ಬಂದದ್ದು' ಎಂಬುದು ಅವರಿಗೆ ಪ್ರಿಯವಾದ ಸಾಲು. ಮರಳಿನಿಂದಲೇ ಬಂದದ್ದು, ಸರಿ. ಹೇಗೆ ಬಂತು? ಶುದ್ಧ ಮರಳುಗಲ್ಲನ್ನು ಇದ್ದಿಲಿನ ಜೊತೆ ವಿದ್ಯುತ್ ಕುಲುಮೆಯಲ್ಲಿ ಎರಡು ಸಾವಿರ ಡಿಗ್ರಿಯ ಆಸುಪಾಸಿನಲ್ಲಿ ಕಾಯಿಸಿ ಸಿಲಿಕಾನ್ ತೆಗೆಯಬೇಕು. ಅದನ್ನು ಪುಡಿಮಾಡಿ, ತಾಮ್ರವನ್ನು ವೇಗವರ್ಧಕವಾಗಿ ಇಟ್ಟು, 300 ಡಿಗ್ರಿಯ ಸುಮಾರಿನಲ್ಲಿ ಮೀಥೈಲ್ ಕ್ಲೋರೈಡ್ ಅನಿಲದೊಡನೆ ಕೂಡಿಸಬೇಕು. 1940ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಯೂಜೀನ್ ರೋಚೋ ಕಂಡುಕೊಂಡ ದಾರಿ ಇದು. ಅದೇ ಹೊತ್ತಿಗೆ ಜರ್ಮನಿಯಲ್ಲಿ ರಿಚರ್ಡ್ ಮುಲ್ಲರ್ ಬೇರೆಯಾಗಿ ಅದನ್ನೇ ಕಂಡುಕೊಂಡಿದ್ದರು. ಅದಕ್ಕೂ ಮೊದಲು ನಾಟಿಂಗ್‌ಹ್ಯಾಮ್‌ನಲ್ಲಿ ಫ್ರೆಡರಿಕ್ ಕಿಪ್ಪಿಂಗ್ ಎಂಬ ಪ್ರಾಧ್ಯಾಪಕರು ಸುಮಾರು ನಾಲ್ಕು ದಶಕ ಈ ವಸ್ತುಗಳ ಜೊತೆ ಹೆಣಗಾಡಿದ್ದರು. ಸಿಲಿಕೋನ್ ಎಂಬ ಹೆಸರಿಟ್ಟವರೂ ಅವರೇ. ಪಾತ್ರೆಯ ತಳದಲ್ಲಿ ಉಳಿಯುತ್ತಿದ್ದ ಅಂಟು ಅವರಿಗೆ ತಲೆನೋವಾಗಿತ್ತು. 1930ರ ದಶಕದಲ್ಲಿ, ನಿವೃತ್ತಿಯ ಹೊತ್ತಿಗೆ, ಈ ಶಾಖೆಯಿಂದ ಹೆಚ್ಚಿನದೇನೂ ಸದ್ಯಕ್ಕೆ ಬರುವ ಲಕ್ಷಣವಿಲ್ಲ ಎಂದು ಉಪನ್ಯಾಸವೊಂದರಲ್ಲಿ ಹೇಳಿಬಿಟ್ಟರು. ಪಿಎಚ್‌ಡಿಯ ಐದನೇ ವರ್ಷದಲ್ಲಿರುವವರಿಗೆ ಕಿಪ್ಪಿಂಗ್ ಬಹಳ ಆಪ್ತರಾಗುತ್ತಾರೆ.

ಇಷ್ಟೆಲ್ಲ ಕುಲುಮೆ, ಕ್ಲೋರಿನ್, ತಾಮ್ರ, ಪ್ಲಾಟಿನಂ ದಾಟಿ ಬಂದದ್ದನ್ನು 'ಮರಳಿನಿಂದ' ಎನ್ನುವುದು, ರೈಲು ಇಂಜಿನನ್ನು 'ಮಣ್ಣಿನಿಂದ' ಎಂದ ಹಾಗೆ. ಮರಳು ಹೇಳಿ ಮರುಳು ಮಾಡುವ ಕಲೆ ಇದು. ಇದರಲ್ಲಿ ನಾಚಿಕೊಳ್ಳುವಂಥದ್ದೇನಿದೆ? ಮನುಷ್ಯ ಮಾಡಿದ ಚಂದದ ವಸ್ತು ಎಂದು ಎದೆತಟ್ಟಿ ಹೇಳಲಿ. ಇಂಥ ಜಾಲಗಳನ್ನು ಮಾರುವ ಮೊಮೆಂಟಿವ್ ಕಂಪನಿಯ ಪೇಟೆಂಟುಗಳಲ್ಲಿ ಬೆಂಗಳೂರಿನ ಸಂಶೋಧಕರ ಹೆಸರುಗಳೂ ಇವೆ. ಅವರ ಕೆಲಸವನ್ನು ಮರಳಿನ ದಂಡೆಯ ಫೋಟೋ ಹಾಕಿ ಮರೆಮಾಡುವುದು ಅವರಿಗೂ ಅವಮಾನ.

ಅವರ ಎರಡನೇ ಸುಳ್ಳು ಇನ್ನೂ ನಯವಾದದ್ದು. ಜಾಲದ ಕಣಗಳು ಚರ್ಮದ ಗೆರೆ, ಗುಳಿ, ರಂಧ್ರಗಳಲ್ಲಿ ಕೂತು ಬೆಳಕನ್ನು ಎಲ್ಲ ದಿಕ್ಕಿಗೂ ಚೆದುರಿಸುತ್ತವೆ. ಗೆರೆ ಹೋಗಿರುವುದಿಲ್ಲ, ಗೆರೆಯ ನೆರಳು ಹೋಗಿರುತ್ತದೆ. ಮುಖ ತೊಳೆದರೆ ಎರಡೂ ವಾಪಸ್. ಇದು ಮೇಕಪ್ಪು, ಮೇಕಪ್ಪಿನಲ್ಲಿ ತಪ್ಪೇನೂ ಇಲ್ಲ. ಯಕ್ಷಗಾನದ ಚೌಕಿಯಲ್ಲಿ ಬಣ್ಣ ಬರೆದುಕೊಳ್ಳುವವರು ಅದನ್ನು ಚಿಕಿತ್ಸೆ ಎನ್ನುವುದಿಲ್ಲ. ಆದರೆ ಇದೇ ಜಾಲವನ್ನು 'ಆರೈಕೆ', 'ದುರಸ್ತಿ', 'ವಯಸ್ಸಿಗೆ ತಡೆ' ಎಂಬ ಕ್ರೀಮುಗಳಲ್ಲಿ ಹಾಕಿದಾಗ ಹಚ್ಚಿದ ಮೊದಲ ನಿಮಿಷಕ್ಕೇ ಬೆರಳು 'ಹೌದು, ಕೆಲಸ ಮಾಡುತ್ತಿದೆ' ಎಂದು ಸಾಕ್ಷಿ ಹೇಳುತ್ತದೆ. ಒಳಗಿರುವ ವಿಟಮಿನ್ನು ಏನನ್ನಾದರೂ ಮಾಡಲು ವಾರಗಳು ಬೇಕು, ಮಾಡದೆಯೂ ಇರಬಹುದು. ಸಾಕ್ಷಿ ಹೇಳುತ್ತಿರುವುದು ಜಾಲ, ಬೆಲೆ ಕಟ್ಟಿಸಿಕೊಳ್ಳುತ್ತಿರುವುದು ವಿಟಮಿನ್ನು. ನನ್ನ ತಕರಾರು ಇದರ ಮೇಲೆ. ಸ್ಪರ್ಶವನ್ನು ಪರಿಣಾಮ ಎಂದು ಮಾರುವುದು ಮೋಸ.

ಇನ್ನು ನಿಜಕ್ಕೂ ಚಿಂತಿಸಬೇಕಾದ ಸಂಗತಿ. ನೆನಪಿಟ್ಟುಕೊಳ್ಳಿ ಎಂದಿದ್ದೆನಲ್ಲ, ಮುದ್ದೆಯಲ್ಲಿ ಜಾಲ ಹತ್ತು ಹದಿನೈದು ಪಾಲು, ಉಳಿದದ್ದು ದ್ರವ. ಆ ದ್ರವ ದೀರ್ಘಕಾಲ ಹೆಚ್ಚಾಗಿ ಸೈಕ್ಲೋಪೆಂಟಾಸಿಲೋಕ್ಸೇನ್ ಆಗಿತ್ತು. ಐದು ಸಿಲಿಕಾನ್‌ಗಳ ಪುಟ್ಟ ಉಂಗುರ, ಉದ್ಯಮದ ಅಡ್ಡಹೆಸರು ಡಿ5. ನಾಲ್ಕರದು ಡಿ4, ಆರರದು ಡಿ6. ಜಾಲ ಬೆಟ್ಟವಾದರೆ ಇವು ಧೂಳು; ಗಾಳಿಗೆ ಹಾರುತ್ತವೆ, ಚರಂಡಿಗೆ ಇಳಿಯುತ್ತವೆ. ನೀರಿನ ತಳದ ಕೆಸರಿನಲ್ಲಿ ಬಹುಕಾಲ ಹಾಗೇ ಕೂರುತ್ತವೆ, ಜೀವಿಗಳ ಮೈಯಲ್ಲಿ ಸೇರಿಕೊಳ್ಳುತ್ತವೆ ಎಂಬ ಕಾರಣಕ್ಕೆ ಯುರೋಪಿಯನ್ ಒಕ್ಕೂಟ 2018ರಲ್ಲಿ ಮೂರನ್ನೂ ಅತಿ ಕಾಳಜಿಯ ವಸ್ತುಗಳ ಪಟ್ಟಿಗೆ ಸೇರಿಸಿತು. ಡಿ4 ಸಂತಾನಶಕ್ತಿಗೂ ಹಾನಿ ಮಾಡಬಹುದೆಂಬ ಶಂಕೆಯಿದೆ. 2020ರ ಜನವರಿ 31ರ ನಂತರ ತೊಳೆದುಹೋಗುವ ಶಾಂಪೂ, ಫೇಸ್‌ವಾಶ್‌ಗಳಲ್ಲಿ ಡಿ4, ಡಿ5 ಶೇ. 0.1ರ ಮಟ್ಟವನ್ನು ಮುಟ್ಟುವಂತಿಲ್ಲ ಎಂದಾಯಿತು. 2024ರ ನಿಯಮ ಇನ್ನೂ ಮುಂದೆ ಹೋಗಿ, ಹಚ್ಚಿ ಬಿಡುವ ಕ್ರೀಮುಗಳಿಗೂ ಅದೇ ಮಿತಿ ಹಾಕಿ 2027ರ ಜೂನ್ 6ರ ಗಡುವು ಕೊಟ್ಟಿದೆ. ಕಲೆ, ಗಾಯಗಳ ಆರೈಕೆಯ ವೈದ್ಯಕೀಯ ಸಾಧನಗಳಿಗೆ ಹೆಚ್ಚು ಕಾಲ ಸಿಕ್ಕಿದೆ. ಎಲ್ಲ ದೇಶಗಳೂ ಒಂದೇ ಮಾತು ಹೇಳಿಲ್ಲ ಎನ್ನುವುದನ್ನೂ ಮುಚ್ಚಿಡಬಾರದು. ಕೆನಡಾ ಮೊದಲು ಡಿ5 ಪರಿಸರಕ್ಕೆ ಹಾನಿಕರ ಎಂದಿತ್ತು. ನಂತರ ಒಂದು ಪರಿಶೀಲನಾ ಮಂಡಳಿ ಕೂರಿಸಿ, ಅದರ ಮಾತು ಕೇಳಿ 2012ರಲ್ಲಿ ಹಾಗಲ್ಲ ಎಂದಿತು. ವಿಜ್ಞಾನ ಜಗಳವಾಡುತ್ತಿರುವ ಜಾಗ ಇದು. ಜಗಳ ಅಲ್ಲಿದೆ, ಚರ್ಮದ ಉಸಿರಿನಲ್ಲಿ ಇಲ್ಲ.

ಗಮನಿಸಿ, ಯುರೋಪಿನ ಗಡುವಿಗೆ ಉದ್ಯಮ ಕೊಡುತ್ತಿರುವ ಉತ್ತರವೇನು? ಜಾಲವನ್ನು ಬಿಟ್ಟಿಲ್ಲ, ಅದಕ್ಕೆ ಕುಡಿಸುವ ದ್ರವವನ್ನು ಬದಲಿಸಿದೆ. ಹಾರಿಹೋಗದ ಡೈಮೆಥಿಕೋನ್, ಐಸೋಡೊಡೆಕೇನ್, ಗಿಡಮೂಲದ ಆಲ್ಕೇನುಗಳು. ಅಂದರೆ ಬದಲಾಯಿಸಲು ಸಾಧ್ಯವಿತ್ತು. ನಮ್ಮಲ್ಲಿ ಅದನ್ನು ಕೇಳುವವರು ಬೇಕು, ಏಕೆಂದರೆ ಯುರೋಪಿನ ಗಡುವು ನಮ್ಮ ಮಾರುಕಟ್ಟೆಗೆ ಅನ್ವಯಿಸುವುದಿಲ್ಲ. 'ಸಿಲಿಕೋನ್ ಎಲ್ಲವೂ ವಿಷ' ಎಂದು ಬರೆದಾಗ ಆಗುವ ನಷ್ಟ ಇದೇ. ಎಲ್ಲವೂ ವಿಷವಾದರೆ ಯಾವುದನ್ನು ಕೇಳುವುದು? ಕಂಪನಿ 'ಸಿಲಿಕೋನ್ ಮುಕ್ತ' ಎಂಬ ಇನ್ನೊಂದು ಡಬ್ಬಿ ತಂದು, ನೂರು ರೂಪಾಯಿ ಹೆಚ್ಚು ಇಟ್ಟು, ಹೆದರಿಕೆಯನ್ನೂ ಮಾರಿಬಿಡುತ್ತದೆ. ಪ್ರಬಂಧ ಬರೆದವರಿಗೆ ಅದರಲ್ಲಿ ಕಮಿಷನ್ನೂ ಸಿಗುವುದಿಲ್ಲ.

ಜಾಲವೂ ಪೂರ್ತಿ ನಿರಪರಾಧಿಯಲ್ಲ. ಮುದ್ದೆಯ ರೂಪದಲ್ಲಲ್ಲದೆ ಒಣ ಪುಡಿಯಾಗಿಯೂ ಅದನ್ನು ಬಳಸುತ್ತಾರೆ, ಐದು ಮಿಲಿಮೀಟರಿಗಿಂತ ಎಷ್ಟೋ ಸಣ್ಣ ಘನ ಗೋಲಿಗಳು. 2023ರಲ್ಲಿ ಯುರೋಪು ತಂದ ಸೂಕ್ಷ್ಮಪ್ಲಾಸ್ಟಿಕ್ ನಿಯಮದಲ್ಲಿ ಇಂಗಾಲವಿಲ್ಲದ ಪಾಲಿಮರುಗಳಿಗೆ ವಿನಾಯಿತಿ ಇದೆ. ಸಿಲಿಕೋನ್ ಬೆನ್ನೆಲುಬಿನಲ್ಲಿ ಇಂಗಾಲವಿಲ್ಲ, ಆದರೆ ಆ ಮೀಥೈಲ್ ಅಂಗಿಯಲ್ಲಿದೆ, ಹಾಗಾಗಿ ವಿನಾಯಿತಿ ಇಲ್ಲ. ಮೇಕಪ್ಪಿಗೆ 2035ರವರೆಗೆ ಅವಕಾಶ ಕೊಟ್ಟಿದ್ದಾರೆ. ನನ್ನ ಪ್ರಕಾರ ಅದು ಅತಿ ಉದಾರ. ಮುಖದ ಮೇಲೆ ಒಂದು ಸಂಜೆಯ ನುಣುಪಿಗಾಗಿ ಕೆರೆಯ ಕೆಸರಿನಲ್ಲಿ ವರ್ಷಗಟ್ಟಲೆ ಉಳಿಯಬಲ್ಲ ಪುಡಿ ಬೇಕೇ ಎಂಬ ಪ್ರಶ್ನೆಗೆ 'ಬೇಡ' ಎಂದು ನಾನು ಹೇಳುತ್ತೇನೆ. ಆ ಪ್ರಬಂಧಕಾರರೂ ಹೇಳಿಯಾರು. ಅವರು ದಾರಿ ತಪ್ಪಿಸಿಕೊಂಡು ಆಕಸ್ಮಿಕವಾಗಿ ಅಲ್ಲಿಗೆ ತಲುಪಿರುತ್ತಾರೆ, ಅಷ್ಟೆ.

ಸಾಹಿತ್ಯದ ಗೆಳೆಯರೊಡನೆ ನನಗಿರುವ ಜಗಳ ಕೊನೆಗೆ ಒಂದು ಪದದ ಬಗ್ಗೆ. 'ರಾಸಾಯನಿಕ' ಎಂಬುದನ್ನು ನಾವೆಲ್ಲ ಸೇರಿ ಬೈಗುಳ ಮಾಡಿಬಿಟ್ಟಿದ್ದೇವೆ. ರಸಾಯನ ಎಂದರೆ ಬಾಳೆಹಣ್ಣಿನದು, ಬಾಯಲ್ಲಿ ನೀರು. ಅದೇ ಮಾತಿಗೆ 'ಇಕ' ಹತ್ತಿದರೆ ವಿಷ. ಅರಿಶಿನದ ಕರ್ಕ್ಯುಮಿನ್ ರಾಸಾಯನಿಕವಲ್ಲವೇ? ಕಡಲೆಹಿಟ್ಟಿನ ಪಿಷ್ಟ? ನೀರು? ಪದಗಳನ್ನು ತೂಗಿ ಬಳಸಬೇಕೆಂದು ಕವಿತೆಯ ಕಮ್ಮಟಗಳಲ್ಲಿ ಪಾಠ ಹೇಳುವವರೇ ಇಲ್ಲಿ ತಕ್ಕಡಿ ಬಿಸುಟಿದ್ದಾರೆ. 'ನಮಗೆ ವಿಜ್ಞಾನ ಗೊತ್ತಿಲ್ಲ' ಎನ್ನುವುದನ್ನು ಅವರು ವಿನಯದ ಹಾಗೆ ಹೇಳುತ್ತಾರೆ, ಮರುವಾಕ್ಯದಲ್ಲೇ ವಿಜ್ಞಾನದ ಮೇಲೆ ತೀರ್ಪು ಕೊಡುತ್ತಾರೆ. ತಿಳಿಯದಿದ್ದರೆ ಕೇಳಬಹುದು. ಪ್ರತಿ ಊರಿನ ಕಾಲೇಜಿನಲ್ಲೂ ಒಬ್ಬರಾದರೂ ರಸಾಯನಶಾಸ್ತ್ರದ ಮೇಷ್ಟ್ರು ಇರುತ್ತಾರೆ, ಅವರ ಬಳಿ ಯಾರೂ ಏನನ್ನೂ ಕೇಳುವುದಿಲ್ಲ. ನಮ್ಮ ಕಡೆಯವರ ತಪ್ಪೂ ಇದೆ. ನನ್ನ ಪ್ರಬಂಧಗಳೆಲ್ಲ ಇಂಗ್ಲಿಷಿನಲ್ಲಿ. ಅಕ್ಕನಿಗೆ ಅರ್ಥವಾಗುವ ಒಂದು ಪುಟವನ್ನೂ ನಾನು ಆ ಯುಗಾದಿಯವರೆಗೆ ಬರೆದಿರಲಿಲ್ಲ. ಖಾಲಿ ಜಾಗಕ್ಕೆ ಯಾರೋ ಬಂದು ಕೂತರು.

ನಮ್ಮ ದೇಶದಲ್ಲೂ 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಡಬ್ಬಿಯ ಮೇಲೆ ಪದಾರ್ಥಗಳ ಪಟ್ಟಿ ಇರಬೇಕು. ಶೇ. 1ಕ್ಕಿಂತ ಹೆಚ್ಚಿರುವವು ಪ್ರಮಾಣದ ಇಳಿಕೆಯ ಕ್ರಮದಲ್ಲಿ, ಉಳಿದವು ಅದರ ನಂತರ. ಅಂದರೆ ಆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಮೊದಲ ನಾಲ್ಕೈದು ಹೆಸರು ಓದಿದರೆ ಡಬ್ಬಿಯ ಬಹುಪಾಲು ಓದಿದಂತೆ. ಸೈಕ್ಲೋಪೆಂಟಾಸಿಲೋಕ್ಸೇನ್ ಮೊದಲ ಮೂರರಲ್ಲಿದ್ದರೆ ಅದು ಡಿ5. ಬರೀ ಸೈಕ್ಲೋಮೆಥಿಕೋನ್ ಎಂದಿದ್ದರೆ ಇನ್ನೂ ಹುಷಾರು, ಅದು ನಾಲ್ಕು, ಐದು, ಆರರ ಉಂಗುರಗಳನ್ನು ಒಂದೇ ಕಂಬಳಿಯಡಿ ಮಲಗಿಸುವ ಹಳೆಯ ಹೆಸರು. ಡೈಮೆಥಿಕೋನ್ ಕ್ರಾಸ್‌ಪಾಲಿಮರ್ ಕಂಡರೆ ಗಾಬರಿ ಬೇಡ. ಇಂಥ ನಾಲ್ಕು ಸಾಲನ್ನು ಒಂದು ಕನ್ನಡ ಪತ್ರಿಕೆಯ ಸೌಂದರ್ಯದ ಪುಟ ಹಾಕಬಹುದಿತ್ತು. ಅದೇ ಪುಟದಲ್ಲಿ ಈಗ ನಿಂಬೆ ಮತ್ತು ಅಡುಗೆ ಸೋಡಾ ಇದೆ.

ಅಕ್ಕ ಜೆಲ್ ಮತ್ತೆ ಕೊಂಡಳು. ಕಪ್ಪು ಪೂರ್ತಿ ಹೋಗಲು ಹೆಚ್ಚುಕಡಿಮೆ ದೀಪಾವಳಿಯಾಯಿತು, ಉಬ್ಬು ಅರ್ಧಕ್ಕರ್ಧ ಇಳಿದಿದೆ. ಜೆಲ್‌ನಿಂದಲೋ, ಕಾಲದಿಂದಲೋ ಎಂದು ಒಂದೇ ಕೈ ನೋಡಿ ಹೇಳುವುದು ನನ್ನ ವೃತ್ತಿಗೆ ಒಪ್ಪುವುದಿಲ್ಲ. ಹೋದ ತಿಂಗಳು ನಾದಿನಿಯ ಮದುವೆಗೆಂದು ಅಂಗಡಿಯಲ್ಲಿ ನಿಂತು ನನಗೆ ಫೋನು ಮಾಡಿದಳು, ಕೈಯಲ್ಲೊಂದು ಪ್ರೈಮರ್ ಹಿಡಿದು. ಒಂದೊಂದೇ ಅಕ್ಷರ ಬಿಡಿಸಿ ಓದಿದಳು. ಪಕ್ಕದಲ್ಲಿ ಅಂಗಡಿಯ ಹುಡುಗ, "ಮೇಡಂ ಟೆಸ್ಟರ್ ಇದೆ, ಹಚ್ಚಿ ನೋಡಿ ಸಾಕು," ಎನ್ನುತ್ತಿದ್ದುದು ಕೇಳುತ್ತಿತ್ತು.

"ಸೈ-ಕ್ಲೋ-ಪೆಂ-ಟಾ... ಇದೇನೇ ಇಷ್ಟುದ್ದ?"

"ಎಷ್ಟನೇದು ಅದು?"

"ಮೊದಲನೇದೇ."

"ಬೇರೆದು ತೋರಿಸೋಕೆ ಹೇಳಕ್ಕ."

ಅವಳು ಹುಡುಗನಿಗೆ ಹೇಳಿದಳು. ಅವನು ಇನ್ನೊಂದು ಡಬ್ಬಿ ತರಲು ಹೋದ.